ಬೇವಿನ ಸೊಪ್ಪಿನೊಳಗಿನ ಹೆಣ್ಣುಮಗಳು

ಕೊಟ್ಟೂರು
14-9-1984, ಶುಕ್ರವಾರ

ಮಗಳು ಮಾಳಮ್ಮಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಪ್ರತಿ ಸಲ ಮೊದಲ ಸಾಲಿಗೇ ಬರೆಯುತ್ತಿದ್ದೆ. ಈ ಸಲ ಆ ಸಾಲಿಗೆ ಕೈ ಬರುತ್ತಿಲ್ಲ. ಜ್ವರ ಇಲ್ಲ, ನೆಗಡಿ ಇಲ್ಲ, ನಿಮ್ಮಪ್ಪ ಡ್ಯೂಟಿಗೆ ಹೋಗುತ್ತಿದ್ದಾರೆ, ಅಜ್ಜಿ ಎರಡು ರೊಟ್ಟಿ ಉಂಡು ಇನ್ನರ್ಧಕ್ಕೆ ಬೈಯುತ್ತಾಳೆ. ಆದರೆ ನಾನು ನೀರಿಗೆ ಹೋಗುವಾಗ ತಲೆ ಬಗ್ಗಿಸಿಕೊಂಡು ಹೋಗಿ ತಲೆ ಬಗ್ಗಿಸಿಕೊಂಡು ಬರುತ್ತಿದ್ದೇನೆ. ಯಾರೂ ನನಗೆ ಏನೂ ಅಂದಿಲ್ಲ. ಅಂದವಳು ನೀನೊಬ್ಬಳೇ.

ನೀನು ಬಳ್ಳಾರಿಗೆ ಹೊರಟ ಬೆಳಿಗ್ಗೆ ನಾನೂ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ನಿನಗೆ ಕಾಣಿಸಬಾರದೆಂದು ಮಂಡಕ್ಕಿ ಮಾರುವವಳ ಹಿಂದೆ ನಿಂತಿದ್ದೆ. ನೀನು ಕಿಟಕಿ ಪಕ್ಕ ಕೂತೆ, ಊರ ಕಡೆ ತಿರುಗಿಯೂ ನೋಡಲಿಲ್ಲ. ಹೊಸಿಲು ದಾಟುವಾಗ ನೀನು ಅಂದು ಹೋದ ಮಾತು ಕಿವಿಯಲ್ಲೇ ಕೂತಿದೆ. ‘ಅವ್ವ, ನೀ ಕೈಯಾರೆ ಮಾಡಿದ್ದನ್ನ ನಾ ಮಾಡಿಲ್ಲ ಅಂದಿ. ನಾಳಿ ಯಾರರ ಕೇಳಿದ್ರ ನನ್ನೂ ಹಂಗ ಅಂತಿಯೇನು’ ಅಂದೆ. ನನಗೆ ಬಾಯಿ ಬರಲಿಲ್ಲ. ಅವತ್ತು ಬರದ ಮಾತನ್ನು ಇವತ್ತು ಕಾಗದದಲ್ಲಿ ಹುಡುಕುತ್ತಾ ಕೂತಿದ್ದೇನೆ. ಓದುವವರೆಗೂ ಹರಿಯಬೇಡ.

ನಮ್ಮ ಕೆಲಸ ಶುರುವಾದದ್ದು ಹೇಗೆಂದು ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ಚಿಕ್ಕವಳು. ನಿಮ್ಮಪ್ಪ ಹೈಸ್ಕೂಲಿಗೆ ಹೊಸದಾಗಿ ಅಟೆಂಡರ್ ಆಗಿದ್ದರು. ಲ್ಯಾಬಿನ ಕಪಾಟು ಒರೆಸುವಾಗ ಹೃದಯದ ಮಾದರಿ ಕೈ ಜಾರಿ ಬಿದ್ದು ಒಡೆಯಿತು. ಹೆದರಿ, ಚೂರುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಮನೆಗೆ ತಂದರು. ನಾನು ಬುಟ್ಟಿ ಮೊರಗಳಿಗೆ ಮೆತ್ತಲೆಂದು ಹಳೇ ಪೇಪರು ನೆನೆಸಿ ಮೆಂತ್ಯದ ಜೊತೆ ರುಬ್ಬಿಟ್ಟಿದ್ದೆ. ಅದರಲ್ಲೇ ಚೂರು ನೋಡಿಕೊಂಡು ಇನ್ನೊಂದು ಹೃದಯ ಮಾಡಿದೆ, ಬಣ್ಣ ಬಳಿದೆ. ಹೆಡ್‌ಮಾಸ್ತರರು ಅದನ್ನು ಎತ್ತಿ ನೋಡಿ, ‘ಪಾಲಾಕ್ಷಪ್ಪ, ಈ ಹಾರ್ಟು ಯಾಕೋ ಮೆಂತ್ಯದ ಹಿಟ್ಟಿನಂಗ ನಾರತೈತಲ್ಲೋ’ ಎಂದು ನಕ್ಕರಂತೆ. ಬೈಯಲಿಲ್ಲ. ಹೀಗೇ ಒಂದು ಕಣ್ಣು, ಒಂದು ಕಿವಿ ಮಾಡಿಸಿ ಕೊಡು ಎಂದರು. ಆಮೇಲೆ ಕೂಡ್ಲಿಗಿಯಿಂದ ಕೇಳಿದರು, ಹಡಗಲಿಯಿಂದ ಕೇಳಿದರು, ಹರಪನಹಳ್ಳಿಯಿಂದ ಕೇಳಿದರು. ನಮ್ಮ ಒರಳಿನಲ್ಲಿ ಚಟ್ನಿಗಿಂತ ಪೇಪರು ಹೆಚ್ಚು ಅರೆದಿದೆ ಎಂದು ಅಜ್ಜಿ ಈಗಲೂ ಆಡಿಕೊಳ್ಳುತ್ತಾಳೆ.

ಹೃದಯ, ಕಣ್ಣು, ಹಲ್ಲು ಮಾಡುವಾಗ ಓಣಿಯವರೆಲ್ಲ ಬಂದು ನೋಡುತ್ತಿದ್ದರು. ನಾನೂ ಕಟ್ಟೆಯ ಮೇಲೆ ಕೂತೇ ಮಾಡುತ್ತಿದ್ದೆ. ಹತ್ತನೇ ಕ್ಲಾಸಿನ ಆ ಪಾಠದ ಮಾದರಿ ಕೇಳಿದಾಗಿನಿಂದ ಒಳಕೋಣೆಗೆ ಪರದೆ ಬಿತ್ತು. ನೀನು ಆಗ ಕೇಳಿದ್ದೆ, ಯಾಕವ್ವ ಪರದಿ ಅಂತ. ಸೊಳ್ಳೆ ಎಂದಿದ್ದೆ. ಅದನ್ನು ಗೋಣಿಚೀಲದಲ್ಲಿ ಕಟ್ಟಿ ನಿಮ್ಮಪ್ಪ ಬಸ್ಸಿನ ಟಾಪಿಗೆ ಹಾಕುತ್ತಿದ್ದರು. ಕೊಂಡ ಸ್ಕೂಲುಗಳಲ್ಲೂ ಅದರ ಪಾಡು ಅಷ್ಟೇ. ಮಾಸ್ತರರು ಆ ಪಾಠ ಬಂದಾಗ ಮನೆಯಲ್ಲಿ ಓದಿಕೊಳ್ಳಿ ಎಂದು ಮುಂದಿನ ಪಾಠಕ್ಕೆ ಹೋಗುತ್ತಾರಂತೆ. ಒಂದು ಸ್ಕೂಲಿನಲ್ಲಿ ನಾವು ಕಟ್ಟಿದ ಸುತಳಿ ದಾರದ ಗಂಟು ಕೂಡ ಬಿಚ್ಚದೆ ಕಪಾಟಿನಲ್ಲೇ ಇದೆ ಎಂದು ನಿಮ್ಮಪ್ಪ ಹೇಳಿದಾಗ ನನಗೆ ಬೇಸರವಾಗಲಿಲ್ಲ. ಒಳ್ಳೆಯದೇ ಆಯಿತು ಅನ್ನಿಸಿತು. ನೋಡು, ನನ್ನ ಬುದ್ಧಿ ಅಲ್ಲಿಂದಲೇ ಹಾಗೆ.

ನೀನು ನರ್ಸಮ್ಮನ ಟ್ರೇನಿಂಗಿಗೆ ಸೇರಿ, ನಿಮ್ಮ ಟೀಚರಮ್ಮನ ಮುಂದೆ ‘ನಮ್ಮವ್ವ ಮಾಡ್ತಾಳ್ರಿ’ ಎಂದು ಒಪ್ಪಿಕೊಂಡು ಬಂದೆಯಲ್ಲ, ಆ ಪತ್ರ ಓದಿ ನಾನು ಹಿಗ್ಗಿದ್ದು ನಿಜ. ಬಸುರಿಯ ಹೊಟ್ಟೆ, ಮುಚ್ಚಳ ತೆಗೆದರೆ ಒಳಗೆ ಗರ್ಭ, ಗರ್ಭದೊಳಗೆ ತುಂಬುದಿಂಗಳ ಕೂಸು, ಕೂಸು ಕೈಗೆ ಬರಬೇಕು, ತಿರುಗಬೇಕು. ಹೊಟ್ಟೆಯನ್ನು ದೊಡ್ಡ ಗಡಿಗೆಯ ಮೇಲೆ ಮೆತ್ತಿ ತೆಗೆದೆ. ಟೀಚರಮ್ಮ ಕೇಳಿದ್ದು ಎದೆಯಿಂದ ತೊಡೆವರೆಗೆ ಮಾತ್ರ. ತಲೆ ಇಲ್ಲದ ಹೆಂಗಸನ್ನು ಹೇಗೆ ಮಾಡಲಿ ಎಂದು ಚರಿಗೆಯ ಮೇಲೆ ತಲೆಯನ್ನೂ ಮಾಡಿ ಕೂರಿಸಿದೆ. ಮುಖ ಮಾಡುವುದನ್ನು ನಾನು ಕಲಿತದ್ದು ನಿಮ್ಮ ಅಜ್ಜಿಯಿಂದ. ಅಜ್ಜಿಗೆ ಬರುವುದು ಒಂದೇ ಮುಖ, ಜೋಕುಮಾರನದು. ಹೀಗಾಗಿ ನಮ್ಮ ಬಸುರಿಗೂ ಅದೇ ಗುಂಡು ಕಣ್ಣು, ಅದೇ ಅಗಲ ಬಾಯಿ ಬಂತು. ನೀನು ರಜೆ ಹಾಕಿ ಬಂದವಳು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ಅವ್ವ, ಈಕಿಗೆ ಒಂದು ಮೀಸಿ ಇಟ್ಟರ ಮುಗೀತು, ಜೋಕುಮಾರನ’ ಅಂದೆ. ನಾನೂ ನಕ್ಕೆ. ಆ ನಗೆಯನ್ನೇ ನಾನು ಮರುದಿನ ಹೇಗೆ ಬಳಸಿಕೊಂಡೆ ನೋಡು.

ಹಿರೇಹಡಗಲಿಯವರು ನಿನ್ನನ್ನು ನೋಡಲು ಬರಬೇಕಾಗಿದ್ದದ್ದು ಭಾನುವಾರ. ಅಷ್ಟರೊಳಗೆ ವಾರ್ನಿಶ್ ಹೊಡೆದು ಒಳಗಿಟ್ಟರಾಯಿತು ಎಂದು ಗುರುವಾರ ಅದನ್ನು ಪಡಸಾಲೆಯಲ್ಲಿ ಗಾಳಿಗೆ ಇಟ್ಟಿದ್ದೆ. ನೀನು ಒಳಕೋಣೆಯ ಬಾಗಿಲು ಹಾಕಿಕೊಂಡು ತಲೆ ಬಾಚಿಕೊಳ್ಳುತ್ತಿದ್ದೆ. ನಿಮ್ಮಪ್ಪ ಏದುಸಿರು ಬಿಡುತ್ತಾ ಬಂದು, ‘ಬಂದ್ರು, ಕೂಡ್ಲಿಗಿಗೆ ಹೊಂಟವರು ದಾರ್‍ಯಾಗ ಇಳದಾರ, ಹುಡುಗನೂ ಅದಾನ, ಓಣಿಗೆ ಬಂದಬಿಟ್ರು’ ಎಂದರು. ಬಾಗಿಲು ತಟ್ಟಿ ಮಾಳೀ ಎಂದು ಕೂಗಿದ್ದರೆ ನೀನು ತೆಗೆಯುತ್ತಿದ್ದೆ, ಇಬ್ಬರೂ ಎತ್ತಿ ಒಳಗಿಡಬಹುದಿತ್ತು. ಅಥವಾ ಇದ್ದಲ್ಲೇ ಬಿಟ್ಟು, ಇದು ನಮ್ಮ ಕಸುಬು ಎನ್ನಬಹುದಿತ್ತು. ಎರಡೂ ಹೊಳೆಯಲಿಲ್ಲ. ಅಜ್ಜಿಯ ಜೋಕುಮಾರನ ಬುಟ್ಟಿ ಗೂಟಕ್ಕೆ ನೇತುಹಾಕಿತ್ತು. ಅದನ್ನು ಇಳಿಸಿ ಬಸುರಿಯನ್ನು ಅದರೊಳಗೆ ಕೂರಿಸಿದೆ. ಅಂಗಳದ ಬೇವು ಮುರಿದು ಕುತ್ತಿಗೆವರೆಗೂ ಸೊಪ್ಪು ತುರುಕಿದೆ. ನಿನ್ನ ಕಾಡಿಗೆ ಡಬ್ಬಿ ಪಡಸಾಲೆಯ ಕನ್ನಡಿ ಹತ್ತಿರವೇ ಇತ್ತು. ಬೆರಳದ್ದಿ ಮೂಗಿನ ಕೆಳಗೆ ಮೀಸೆ ಎಳೆದೆ.

ಬೇರೆ ಹೆಂಗಸಾಗಿದ್ದರೆ ಸೀರೆ ಮುಚ್ಚುತ್ತಿದ್ದಳು. ಜೋಕುಮಾರನನ್ನು ಹೊರುವ ಮನೆಯವಳಾದ ನನಗೆ ಬೇವಿನ ಸೊಪ್ಪೇ ಹೊಳೆಯಿತು. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಆ ಮಣ್ಣಿನ ದೇವರು ಊರಿಗೆಲ್ಲ ಒಬ್ಬನೇ. ಈ ವರ್ಷದ ಪಾಳಿಯೂ ನಮ್ಮದಲ್ಲ, ದಾಯಾದಿಗಳದು. ಅಜ್ಜಿ ಅವತ್ತು ಅವರ ಜೊತೆಗೇ ಹಾಡಲು ಹೋಗಿದ್ದಳು. ಅಂದರೆ ಊರಲ್ಲಿ ನಿಜವಾದವನು ತಿರುಗುತ್ತಿರುವಾಗ ನಾನು ಮನೆಯಲ್ಲಿ ಇನ್ನೊಬ್ಬನನ್ನು ಹುಟ್ಟಿಸಿದೆ.

ಬೀಗರು ಬಂದು ಜಮಖಾನೆಯ ಮೇಲೆ ಕೂತರು. ಹುಡುಗ, ಅವನ ಅಪ್ಪ ಬೊಮ್ಮಯ್ಯ, ತಾಯಿ ಮರುಳಸಿದ್ದಮ್ಮ, ಹಿರೇ ಸೊಸೆ ಅಂಜಿನಮ್ಮ. ಮರುಳಸಿದ್ದಮ್ಮನ ಕಣ್ಣು ಮೊದಲು ಬುಟ್ಟಿಯ ಮೇಲೇ ಬಿತ್ತು. ‘ಏನವ್ವ ತಂಗಿ, ಈ ವರ್ಷ ನಿಮ್ಮನ್ಯಾಗ ಬಂದಾನೇನು’ ಎಂದು ಕೇಳಿದರು. ಹೂಂ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಕೇಳದೇ ಇದ್ದದ್ದನ್ನೂ ಹೇಳಿದೆ. ಗಂಡಸರು ಅಟೆಂಡರ್ ಕೆಲಸದ ಜೊತೆ ಮನೆಯಲ್ಲಿ ಏನೋ ಮಾಡುತ್ತೀರಂತೆ ಎಂದು ನಿಮ್ಮಪ್ಪನನ್ನು ಮಾತಿಗೆಳೆದರು. ನಿಮ್ಮಪ್ಪ ಬಾಯಿ ತೆರೆಯುವ ಮೊದಲೇ ನಾನು, ‘ಏನಿಲ್ರಿ, ಬುಟ್ಟಿ ಮೆತ್ತೂದು, ಹಂಗ ಸಣ್ಣ ಪುಟ್ಟ ಆಟಿಗಿ ಸಾಮಾನು. ನಾ ಬ್ಯಾರೆ ಏನೂ ಮಾಡೂದಿಲ್ರಿ’ ಎಂದೆ. ನೀನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದೆ. ಕೇಳಿಸಿಕೊಂಡೆ. ಬುಟ್ಟಿ ನೋಡಿದೆ, ಮೀಸೆ ನೋಡಿದೆ, ನನ್ನನ್ನು ನೋಡಿದೆ. ಆ ನೋಟಕ್ಕಿಂತ ನೀನು ತಟ್ಟೆ ಎತ್ತಿ ಹಾಕಿದ್ದರೆ ಚೆನ್ನಾಗಿತ್ತು.

ಆಮೇಲೆ ಮರುಳಸಿದ್ದಮ್ಮ ‘ಬೆಣ್ಣಿ ಐತೇನವ್ವ’ ಎಂದರು. ನಾನೇ ಒಳಗೆ ಹೋಗಿ ಗಡಿಗೆಯಿಂದ ಬೆಣ್ಣೆ ತಂದುಕೊಟ್ಟೆ. ಅವರು ಎದ್ದು ಬಂದು, ಸೆರಗು ಹೊದ್ದು, ನನ್ನ ಬಸುರಿಯ ತುಟಿಗೆ ಬೆಣ್ಣೆ ಸವರಿದರು, ಜೋಳ ಹಾಕಿದರು. ಸೊಸೆಯನ್ನು ಕರೆದು, ಒಂದು ಎಸಳು ತಗೊಂಡು ಉಡಿಯಲ್ಲಿ ಕಟ್ಟಿಕೋ, ಬೇಡಿಕೋ ಎಂದರು. ಅಂಜಿನಮ್ಮನಿಗೆ ಎರಡು ಸಲ ಹೆರಿಗೆಯಾಗಿ ಎರಡು ಸಲವೂ ಕೂಸು ಉಳಿದಿಲ್ಲ ಎಂದು ಸಂಬಂಧ ತಂದವರು ಮೊದಲೇ ಹೇಳಿದ್ದರು. ಅವಳು ಕಣ್ಣು ಮುಚ್ಚಿಕೊಂಡು ಸೊಪ್ಪಿನೊಳಗೆ ಕೈ ಇಟ್ಟಳು. ಒಳಗೆ ಹೊಟ್ಟೆಯ ಮುಚ್ಚಳದ ಕೊಂಡಿ ಸರಿದದ್ದು ನನಗೆ ಕೇಳಿಸಿತು. ಅವಳು ಕಣ್ಣು ತೆರೆದಳು. ಎಸಳುಗಳ ನಡುವೆ ಏನೋ ಕಂಡಿತು. ಮುಚ್ಚಳವನ್ನು ತನ್ನ ಕೈಯಿಂದಲೇ ಒತ್ತಿ, ಸೊಪ್ಪು ಸರಿ ಮಾಡಿ, ಏನೂ ಆಗದವಳ ಹಾಗೆ ಹೋಗಿ ಕೂತಳು. ಇದನ್ನು ನೀನು ನೋಡಿಲ್ಲ. ಆಗ ನೀನು ಒಳಗೆ ಹೋಗಿದ್ದೆ, ಅಳುತ್ತಿದ್ದೆಯೋ ಏನೋ.

ಮಾನ ಹೋಯಿತು, ಸಂಬಂಧವೂ ಹೋಯಿತು ಎಂದುಕೊಂಡೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆದರೆ ನೀನು ಹೋದ ಮಾರನೇ ದಿನ, ಹುಡುಗಿ ಒಪ್ಪಿಗೆ ಎಂದು ಹೇಳಿ ಕಳಿಸಿದರು. ನಿಮ್ಮಪ್ಪ ಬೆಲ್ಲ ತಂದು ನನ್ನ ಬಾಯಿಗೆ ಇಟ್ಟರು. ಬೀಗರು ಬೇಡ ಎಂದಿದ್ದರೆ ನನ್ನ ಸುಳ್ಳಿಗೆ ತಕ್ಕ ಶಿಕ್ಷೆಯಾದರೂ ಆಗುತ್ತಿತ್ತು.

ಅಜ್ಜಿ ಗುರುವಾರ ಸಂಜೆ ಬಂದವಳು ಬುಟ್ಟಿ ನೋಡಿ ಹೊಸಿಲಲ್ಲೇ ನಿಂತಳು. ನಾನು ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ‘ಒಂದೂರಿಗೆ ಇಬ್ಬರು ಜೋಕುಮಾರರನ್ನ ಮಾಡಿದೆಲ್ಲ, ಮಾರಾಯ್ತಿ’ ಎಂದಳು. ಆಮೇಲೆ ಕೂತು ಯೋಚನೆ ಮಾಡಿ, ‘ಬೆಣ್ಣಿ ತಿಂದ ಮ್ಯಾಲೆ ಅದು ದೇವ್ರ. ದೇವ್ರನ್ನ ಮಾರಬಾರದು. ಹುಣ್ಣಿವಿ ದಿನ ಕಲ್ಲಿಗೆ ಹಾಕಬೇಕು’ ಎಂದಳು. ನಿಜವಾದ ಜೋಕುಮಾರನನ್ನು ಅಗಸರ ಬಂಡೆಗೆ ಬಡಿದು ಒಡೆಯುವ ಹಾಗೆ ಇವಳನ್ನೂ ಒಡೆಯಬೇಕು. ನಿಮ್ಮ ಟೀಚರಮ್ಮನಿಗೆ ನೀನು ಕೊಟ್ಟ ಮಾತು ಏನಾಗಬೇಕು ಎಂದು ನಾನು ಕೇಳಿದೆ. ಸುಳ್ಳು ಹೇಳುವಾಗ ಅದನ್ನ ಕೇಳಬೇಕಾಗಿತ್ತು ಎಂದಳು.

ಇನ್ನೊಂದು ಹೇಳಿಬಿಡುತ್ತೇನೆ, ಇದೇ ಎಲ್ಲಕ್ಕಿಂತ ಕೆಟ್ಟದ್ದು. ಬೆಣ್ಣೆಯ ಜಿಡ್ಡು ತುಟಿಯಿಂದ ಗಲ್ಲಕ್ಕೆ ಇಳಿದಿತ್ತು. ವಾರ್ನಿಶ್ ಇನ್ನೂ ಹೊಡೆದಿರಲಿಲ್ಲವಾದ್ದರಿಂದ ಕಾಗದ ಅದನ್ನು ಕುಡಿದುಬಿಟ್ಟಿತ್ತು. ಸುಣ್ಣದ ಪುಡಿ ಹಾಕಿ ತಿಕ್ಕುತ್ತಾ ಕೂತವಳಿಗೆ ಒಡೆದರೆ ಒಳ್ಳೆಯದೇ ಅನ್ನಿಸಿತು. ಒಡೆದರೆ ಬಳ್ಳಾರಿಯಲ್ಲಿ ಅಷ್ಟು ಹುಡುಗಿಯರ ಮುಂದೆ, ಇದನ್ನು ಮಾಳಮ್ಮನ ತಾಯಿ ಮಾಡಿದ್ದು ಎಂದು ಯಾರೂ ಬೆರಳು ಮಾಡುವುದಿಲ್ಲ. ನೀನು ಹೆಮ್ಮೆಯಿಂದ ಹೇಳಿದ ಮಾತು ಸುಳ್ಳಾಗುತ್ತದೆ, ನನಗೆ ಮಾತ್ರ ಪೀಡೆ ಹೋಗುತ್ತದೆ. ಅವ್ವನಾದವಳ ಮನಸ್ಸಿಗೆ ಇಂಥದ್ದು ಬರಬಹುದೇ. ಬಂತು. ಬಂದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಒಡೆಯುವುದೆಂದೇ ತೀರ್ಮಾನಿಸಿದೆ.

ಹುಣ್ಣಿಮೆ ದಿನ ಮಧ್ಯಾಹ್ನ ಅಂಜಿನಮ್ಮ ಬಂದಳು. ಒಬ್ಬಳೇ. ಹಿರೇಹಡಗಲಿಯಿಂದ ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಒಂದು ಸೇರು ಜೋಳ, ಹರಕೆ ಒಪ್ಪಿಸಲು ಬಂದೆ ಎಂದಳು. ನೀರು ಕೊಟ್ಟೆ. ಕುಡಿಯದೆ ಚೊಂಬು ಪಕ್ಕಕ್ಕಿಟ್ಟು, ನೆಲ ನೋಡುತ್ತಾ, ‘ಅತ್ತಿ, ಆ ಹೊಟ್ಟಿ ಇನ್ನೊಮ್ಮೆ ತೆರದು ತೋರಸ್ತೀರೇನು’ ಎಂದಳು.

ಯಾವ ಹೊಟ್ಟೆ ಎಂದು ಕೇಳಬೇಕೆಂದಿದ್ದೆ. ಸುಳ್ಳು ಅಭ್ಯಾಸವಾಗಿಬಿಡುತ್ತದೆ. ಆದರೆ ಅವಳು ತಲೆ ಎತ್ತಿದಳು, ನನಗೆ ಆ ಮಾತು ಆಡಲಾಗಲಿಲ್ಲ. ಬಾಗಿಲು ಹಾಕಲು ಹೋದೆ. ಹಾಕಬೇಡಿ, ಬೆಳಕು ಬೇಕು ಎಂದಳು. ಬಾಗಿಲು ತೆರೆದಿಟ್ಟೇ ಸೊಪ್ಪು ತೆಗೆದೆ, ಮುಚ್ಚಳ ತೆಗೆದೆ.

ಮಾಳಮ್ಮ, ಇಷ್ಟು ವರ್ಷ ಇವನ್ನು ಮಾಡಿದ್ದೇನೆ, ಒಂದು ದಿನವೂ ಬಾಯಿಬಿಟ್ಟು ಹೆಸರು ಹೇಳಿಲ್ಲ. ನಿಮ್ಮಪ್ಪನ ಹತ್ತಿರವೂ ಅದು, ಇದು ಎಂದೇ ಹೇಳುತ್ತಿದ್ದೆ. ವಿವರಿಸುವುದು ಮಾಸ್ತರರ ಕೆಲಸ ಎಂದುಕೊಂಡಿದ್ದೆ, ಅವರೂ ವಿವರಿಸುತ್ತಿರಲಿಲ್ಲ. ಅವತ್ತು ಮೊದಲ ಸಲ ಹೇಳಬೇಕಾಯಿತು. ಇದು ಗರ್ಭಕೋಶ, ಇದು ಹೊಕ್ಕುಳಬಳ್ಳಿ, ಇದು ಹೆರಿಗೆಯಾದ ಮೇಲೆ ಬೀಳುವ ಕಸ, ಇದು ಕೂಸು ಹೊರಗೆ ಬರುವ ದಾರಿ. ಹೇಳುತ್ತಾ ಹೇಳುತ್ತಾ ಕಿವಿ ಬಿಸಿಯಾದವು, ದನಿ ಇಳಿದು ಪಿಸುಮಾತಾಯಿತು. ಅಂಜಿನಮ್ಮ ನಾಚಲಿಲ್ಲ. ‘ಜೋರ ಹೇಳ್ರಿ, ಕೇಳವಲ್ದು’ ಎಂದಳು. ಜೋರಾಗಿ ಹೇಳಿದೆ. ಓಣಿಯಲ್ಲಿ ಯಾರೋ ಹಾದುಹೋದರು. ಅವರಿಗೂ ಕೇಳಿಸಿರಬೇಕು.

ಆಮೇಲೆ ಅವಳು ಕೇಳಿದಳು. ಎರಡೂ ಸಲ ಕೂಸಿನ ಕಾಲು ಮುಂದಾಗಿ ಬಂದವಂತೆ. ಏನೋ ಪಾಪ ಮಾಡಿದ್ದಕ್ಕೆ ಕೂಸು ಹೊಟ್ಟೆಯಲ್ಲಿ ಬೆನ್ನು ಮಾಡಿ ಕೂತಿತ್ತು ಎಂದು ಊರವರು ಅಂದರಂತೆ. ಎರಡು ಸಲವೂ ಕೂಸನ್ನು ಅವಳಿಗೆ ತೋರಿಸದೆಯೇ ತೆಗೆದುಕೊಂಡು ಹೋದರಂತೆ. ‘ಒಳಗ ಅದು ಹೆಂಗ ಕುಂತಿತ್ತು, ಅದನ್ನರ ತೋರಸ್ರಿ’ ಎಂದಳು. ನಾನು ತಲೆ ಕೆಳಗಾಗಿದ್ದ ಕೂಸನ್ನು ಹೊರಗೆ ತೆಗೆದು, ತಿರುಗಿಸಿ, ಕಾಲು ಕೆಳಗೆ ಮಾಡಿ ಗರ್ಭದಲ್ಲಿ ಇಟ್ಟೆ. ಹೀಗೆ ಎಂದೆ. ಎಷ್ಟೋ ಕೂಸುಗಳು ಹೀಗೆ ಕೂರುತ್ತವೆ, ಯಾರೂ ಏನೂ ಮಾಡಿರುವುದಿಲ್ಲ, ಮೊದಲೇ ಗೊತ್ತಾದರೆ ದವಾಖಾನೆಗೆ ಹೋಗಬೇಕು ಎಂದು ನೀನು ಬರೆದು ಕಳಿಸಿದ್ದ ಹಾಳೆಯಲ್ಲಿ ಓದಿದ್ದನ್ನೇ ಹೇಳಿದೆ. ಅವಳು ಕೂಸನ್ನು ಕೈಗೆ ತಗೊಂಡಳು. ಒಂದು ಬೊಗಸೆ ಕಾಗದದ ಕೂಸು. ಅದರ ಅಂಗಾಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ, ಗೋಡೆಗೆ ಒರಗಿ ಬಹಳ ಹೊತ್ತು ಕೂತಳು. ಅಳು ಬಂತು ಅವಳಿಗೆ, ನನಗೂ.

ಅಜ್ಜಿ ಮೂಲೆಯಲ್ಲಿ ಹುಣಸೆ ಬೀಜ ಬಿಡಿಸುತ್ತಾ ಕೂತಿದ್ದಳು, ಕೇಳಿಸುತ್ತಿಲ್ಲ ಎಂದುಕೊಂಡಿದ್ದೆ. ಎದ್ದು ಬಂದು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಗರ್ಭದೊಳಗೆ ಬೆರಳಿಟ್ಟು ಸುತ್ತ ಮುಟ್ಟಿ ನೋಡಿದಳು. ‘ನನ್ನೊಳಗೂ ಹಿಂಗ ಐತೇನು’ ಎಂದು ಕೇಳಿದಳು. ಎಂಟು ಹೆತ್ತವಳು. ಹೌದು ಎಂದೆ. ಆಮೇಲೆ ನನ್ನ ಕಡೆ ತಿರುಗಿ ಬೈದಳು. ‘ಆ ಜೋಕುಮಾರನ್ನ ಮೈಮ್ಯಾಗ ನೂಲಿಲ್ದಂಗ ಕುಂದರಿಸಿಕೊಂಡು ಊರೆಲ್ಲ ಹೊತ್ತು ತಿರಗತೀವಿ. ಹಾಡತೀವಿ, ನಗತೀವಿ, ನಾಚಿಕಿಲ್ಲ. ಈಕಿ ಪಾಪ ಬಸರಿ. ಈಕಿ ಹೊಟ್ಟಿ ತೆರದರ ನಿನಗ ನಾಚಿಕಿ ಬಂತೇನಲೇ’ ಎಂದಳು. ಅಂಜಿನಮ್ಮನ ಮುಂದೆಯೇ ಅಂದಳು. ಅನ್ನಿಸಿಕೊಂಡೆ. ಅಷ್ಟು ದಿನದಲ್ಲಿ ನನಗೆ ಬೇಕಾಗಿದ್ದ ಬೈಗುಳ ಅದೇ ಇರಬೇಕು.

ಹೊತ್ತು ಇಳಿಯುತ್ತಿತ್ತು. ಇವತ್ತು ಹುಣ್ಣಿಮೆ, ಕಲ್ಲಿಗೆ ಹಾಕಬೇಕಲ್ಲ ಎಂದು ನಾನೇ ನೆನಪು ಮಾಡಿದೆ. ಅಜ್ಜಿ ಹಿತ್ತಲಿನ ಒಗೆಯುವ ಕಲ್ಲಿಗೆ ನಮ್ಮ ಬಸುರಿಯನ್ನು ಎತ್ತಿ ತರಲು ಹೇಳಿದಳು. ಅಜ್ಜಿ ಕಲ್ಲಿಗೆ ನೀರು ಹಾಕಿ, ಬಸುರಿಯನ್ನು ಅದರ ಮೇಲೆ ಕೂರಿಸಿ, ತನ್ನ ಸೆರಗಿನ ತುದಿ ಒದ್ದೆ ಮಾಡಿ ಮೂಗಿನ ಕೆಳಗೆ ಒರೆಸಿದಳು. ಒಂದು ಸಲ, ಇನ್ನೊಂದು ಸಲ. ಕಾಡಿಗೆಯ ಜೊತೆ ಬಣ್ಣವೂ ಬಂತು. ‘ಮೀಸಿ ಹೋತು, ಜೋಕುಮಾರ ಸತ್ತ. ಇನ್ನ ಈಕಿ ಹೆಣ್ಣಮಗಳು. ಹೆಣ್ಣಮಗಳನ್ನ ಒಡಿಯೂದಿಲ್ಲ, ಎಲ್ಲಿಗೆ ಕಳಸಬೇಕೋ ಅಲ್ಲಿ ಕಳಸು’ ಎಂದಳು. ದೇವರ ವಿಷಯದಲ್ಲಿ ಅವಳ ಮಾತಿಗೆ ಈ ಊರಲ್ಲಿ ಎದುರಿಲ್ಲ ಎಂದು ನಿನಗೆ ಗೊತ್ತಲ್ಲ.

ಅಂಜಿನಮ್ಮನನ್ನು ಬಸ್ಸಿಗೆ ಬಿಡಲು ಹೋದೆ. ಆಗ ಕೈ ಹಿಡಿದುಕೊಂಡು ಕೇಳಿದೆ, ನಿಮ್ಮ ಅತ್ತೆಗೆ ಇದೆಲ್ಲ ಹೇಳುತ್ತೀಯೇನವ್ವ ಎಂದು. ಅವಳು ನನ್ನ ಮುಖವನ್ನೇ ನೋಡಿದಳು. ‘ಹೇಳೂದೇನೈತ್ರಿ. ನನ್ನ ಕಳಿಸಿದಾಕೀನ ಆಕಿ. ಹುಣ್ಣಿವಿ ದಿನ ಒಡಿಯೂಕಿಂತ ಮೊದಲ ಹೋಗಿ ನೋಡ್ಕೊಂಡು ಬಾ ಅಂದ್ಲು. ಹುಟ್ಟಿದಾಗಿಂದ ಜೋಕುಮಾರನ್ನ ನೋಡಿದಾಕಿ, ಬಾಗಲದಾಗ ಕಾಲಿಡತಿದ್ದಂಗ ಇದು ಅವನಲ್ಲ ಅಂತ ಗೊತ್ತಾತಂತ. ಗಂಡಸರು ಕುಂತಾರ, ನಿಮ್ಮ ಮಾರಿ ಸುಟ್ಟ ಬದನಿಕಾಯಿ ಆಗೇತಿ, ಅದಕ ಬೆಣ್ಣಿ ಕೇಳಿದ್ಲಂತ’ ಎಂದಳು.

ಮಾಳಮ್ಮ, ಅಲ್ಲಿಯವರೆಗೆ ನಾನು ಒಬ್ಬರಿಗೆ ಮೋಸ ಮಾಡಿದೆ ಎಂದು ನಾಚುತ್ತಿದ್ದೆ. ಮೋಸ ಹೋದವರು ಯಾರೂ ಇರಲಿಲ್ಲ. ಎಲ್ಲ ಗೊತ್ತಿದ್ದೂ, ನನ್ನ ಮುಖ ಉಳಿಯಲಿ ಎಂದು ಮರುಳಸಿದ್ದಮ್ಮ ನನ್ನ ಸುಳ್ಳಿಗೆ ತನ್ನ ಕೈಯಿಂದ ಬೆಣ್ಣೆ ಹಚ್ಚಿದ್ದರು. ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅವರ ಎದುರು ಇನ್ನು ಹೇಗೆ ನಿಲ್ಲಲಿ ಎಂದು ಇವತ್ತಿಗೂ ತಿಳಿಯುತ್ತಿಲ್ಲ. ಮದುವೆಗೆ ಹೂಂ ಅನ್ನುವುದು ಬಿಡುವುದು ನಿನ್ನದು. ಅವರು ಒಳ್ಳೆಯವರು ಎಂದು ನಾನು ಹೇಳಿದರೆ, ನನ್ನ ನಾಚಿಕೆ ಮುಚ್ಚಿಕೊಟ್ಟಿದ್ದಕ್ಕೆ ಹೇಳುತ್ತಿದ್ದಾಳೆ ಎಂದು ನೀನು ಅಂದುಕೊಂಡೀಯೆ. ಅದಕ್ಕೇ ಹೇಳುವುದಿಲ್ಲ.

ಮೂಗಿನ ಕೆಳಗೆ ಮತ್ತೆ ಬಣ್ಣ ಬಳಿದಿದ್ದೇನೆ. ಆದರೂ ಬೆಳಕಿಗೆ ಹಿಡಿದರೆ ಮೀಸೆಯ ನೆರಳು ಸ್ವಲ್ಪ ಕಾಣುತ್ತದೆ, ತುಟಿಯ ಜಿಡ್ಡೂ ಪೂರ್ತಿ ಹೋಗಿಲ್ಲ. ನಿಮ್ಮ ಟೀಚರಮ್ಮ ಕೇಳಿದರೆ ಆದದ್ದನ್ನು ಆದ ಹಾಗೆ ಹೇಳು. ಒಂದು ಸಣ್ಣ ಕೆಲಸ ಬಾಕಿ ಇದೆ, ಅದಕ್ಕೇ ನಾಲ್ಕು ದಿನ ತಡ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ. ನಿಮ್ಮಪ್ಪ ಬರುವುದಿಲ್ಲ, ನಾನೇ ಬರುತ್ತೇನೆ. ಗೋಣಿಚೀಲ ತೆಗೆದಿಟ್ಟರು, ಬೇಡ ಎಂದೆ. ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತೇನೆ, ಬಸ್ಸಿನವರು ನೋಡಿದರೆ ನೋಡಲಿ. ಹೀಗೆ ಬರೆದೆನೆಂದು ನನಗೆ ಧೈರ್ಯ ಬಂದಿದೆ ಎಂದು ತಿಳಿಯಬೇಡ. ಹಗರಿಬೊಮ್ಮನಹಳ್ಳಿ ದಾಟುವುದರೊಳಗೆ ಸೆರಗು ಮುಚ್ಚಬೇಕೆಂದು ಕೈ ಎಷ್ಟು ಸಲ ಹೋಗುತ್ತದೋ.

ನಿಮ್ಮ ಹಾಸ್ಟೆಲಿನ ಗೇಟಿನಲ್ಲಿ ಯಾರು ನೀವು ಎಂದು ಕೇಳುತ್ತಾರೆ. ಇದನ್ನು ಮಾಡಿದವಳು ನಾನು ಎನ್ನುತ್ತೇನೆ, ಅಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಮಾಳಮ್ಮನ ಅವ್ವ ಎಂದು ಮಾತ್ರ ನಾನಾಗಿ ಹೇಳುವುದಿಲ್ಲ. ಅದನ್ನು ನೀನು ಗೇಟಿಗೆ ಬಂದು ಹೇಳಿದರೆ ಹೇಳಬಹುದು. ಬರದಿದ್ದರೂ ಸಿಟ್ಟಿಲ್ಲ, ಟೀಚರಮ್ಮನ ಕೈಗೆ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುತ್ತೇನೆ.

ಸರಿಯಾಗಿ ಉಣ್ಣು.

ಇಂತಿ ನಿನ್ನ ಅವ್ವ,
ಗಾಳೆಮ್ಮ

ತಾ.ಕ.: ಬಾಕಿ ಇದೆ ಎಂದ ಸಣ್ಣ ಕೆಲಸ ಏನೆಂದು ಮೇಲೆ ಬರೆಯಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಆದರೆ ನಿನಗೆ ಮುಚ್ಚಿಡುವುದು ಇನ್ನು ಸಾಕು. ಹೊಟ್ಟೆಯೊಳಗಿನ ಕೂಸು ಹೊಸದು, ಮೊನ್ನೆ ಮಾಡಿದ್ದು, ಒಣಗಿಸಿ ಬಣ್ಣ ಬಳಿಯುವುದು ಬಾಕಿ. ಮೊದಲಿನದನ್ನು ಅಂಜಿನಮ್ಮ ಕೈಯಿಂದ ಕೆಳಗಿಡಲೇ ಇಲ್ಲ. ಬಸ್ಸು ಹತ್ತುವಾಗ ನೋಡಿದರೆ ಉಡಿಯಲ್ಲೇ ಇತ್ತು. ಯಾರಿಗೂ ಹೇಳುವುದಿಲ್ಲ ಎಂದೆ. ಗಾಳಿಗೆ ಅದರ ತಲೆ ಕಾಣುತ್ತಿತ್ತು, ಅವಳ ಸೆರಗನ್ನು ನಾನೇ ಸರಿ ಮಾಡಿ ಹೊದಿಸಿದೆ. ಆಗ ನನಗೆ ನಾಚಿಕೆ ಆಗಲಿಲ್ಲ.